ಹಿತ್ತಿಲಲ್ಲಿ ಹುಟ್ಟುವ ಕಾರು

ಟಿಂಕರಿಂಗ್ ಶೆಡ್ಡಿನ ಮುಂದೆ ಐದು ನಿಮಿಷ ಕಣ್ಣು ಮುಚ್ಚಿ ನಿಂತರೆ ಸಾಕು, ಒಳಗೆ ಏನು ನಡೆದಿದೆ ಎಂದು ಹೇಳಿಬಿಡಬಹುದು. ‘ಠಣ್ ಠಣ್’ ಎಂದು ಗಂಟೆಯಂಥ ಸದ್ದು ಬಂದರೆ, ತಗಡಿನ ಹಿಂದೆ ಡಾಲಿ ಎಂಬ ಉಕ್ಕಿನ ಗಟ್ಟಿಯನ್ನು ಹಿಡಿದು ಅದರ ನೇರಕ್ಕೇ ಸುತ್ತಿಗೆಯ ಏಟು ಹಾಕುತ್ತಿದ್ದಾರೆಂದು ಅರ್ಥ. ಅಲ್ಲಿ ತಗಡು ತೆಳುವಾಗುತ್ತ ಹಿಗ್ಗುತ್ತಿದೆ. ‘ದಬ್ ದಬ್’ ಎಂಬ ಮಂಕು ಸದ್ದು ಬಂದರೆ ಡಾಲಿ ಏಟಿನ ಪಕ್ಕಕ್ಕಿದೆ. ಉಬ್ಬಿದ್ದು ಇಳಿಯುತ್ತಿದೆ, ತಗ್ಗಿದ್ದು ಏಳುತ್ತಿದೆ, ಆದರೆ ತಗಡು ಹಿಗ್ಗುತ್ತಿಲ್ಲ. ಬಂಗಾರಪೇಟೆಯ ಯಾವುದೋ ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದ ಹುಡುಗ ಈ ಎರಡು ಸದ್ದುಗಳ ವ್ಯತ್ಯಾಸವನ್ನು ಕಿವಿಯಲ್ಲೇ ಹಿಡಿಯಬೇಕು. ಅದನ್ನು ಹಿಡಿದವನು ಇಂದು ಗುದ್ದಿಸಿಕೊಂಡು ಬಂದ ಕಾರಿನ ಬಾಗಿಲನ್ನು ಸರಿಮಾಡುತ್ತಾನೆ. ಮನಸ್ಸು ಮಾಡಿದರೆ ನಾಳೆ ಇಡೀ ಕಾರಿನ ಮೈಯನ್ನೇ ಬಡಿದು ನಿಲ್ಲಿಸಬಲ್ಲ.

ಅಂಥ ಬಡಿದು ಕಟ್ಟಿದ ಕಾರಿಗೆ ಅಮೆರಿಕದಲ್ಲಿ ಒಂದು ಹೆಸರುಂಟು: ಹಾಟ್ ರಾಡ್. ಹಳೆಯ ಕಾರೊಂದನ್ನು ಅಗ್ಗಕ್ಕೆ ಕೊಂಡು, ಬೇಡದ ಭಾರವನ್ನೆಲ್ಲ ಕಿತ್ತೆಸೆದು, ದೊಡ್ಡ ಎಂಜಿನ್ ಕೂರಿಸಿ, ಮೈಯನ್ನು ತನಗೆ ಬೇಕಾದಂತೆ ತಗ್ಗಿಸಿ, ಕತ್ತರಿಸಿ, ಬೆಸೆದು ಮಾಡಿಕೊಂಡ ವಾಹನ ಅದು. ಅದು ಕಂಪೆನಿಯಿಂದ ಬರುವುದಲ್ಲ, ಮನೆಯ ಹಿತ್ತಿಲಿನ ಶೆಡ್ಡಿನಲ್ಲಿ ಹುಟ್ಟುವಂಥದು. ಹೆನ್ರಿ ಫೋರ್ಡರ ‘ಮಾಡೆಲ್ ಟಿ’ ಕಾರು 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾಯಿತು. ಅದರ ಎಂಜಿನ್ನಿನ ಶಕ್ತಿ ಕೇವಲ 20 ಅಶ್ವಶಕ್ತಿ. 1932ರಲ್ಲಿ ಅದೇ ಫೋರ್ಡ್ ಕಂಪೆನಿ ಸಾಮಾನ್ಯರ ಕೈಗೆಟಕುವ ಬೆಲೆಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ತಂದಿತು. ಅದರದು 65 ಅಶ್ವಶಕ್ತಿ. ಹಳೆಯ ಹಗುರ ಮೈಗೆ ಈ ಹೊಸ ಹೃದಯ ಜೋಡಿಸಿದರೆ ಏನಾದೀತು ಎಂದು ಕ್ಯಾಲಿಫೋರ್ನಿಯಾದ ಹುಡುಗರು ಯೋಚಿಸಿದರು. ಮಳೆಗಾಲ ಕಳೆದ ಮೇಲೆ ಕಲ್ಲಿನಂತೆ ಗಟ್ಟಿಯಾಗುವ ಮ್ಯೂರಾಕ್‌ನಂಥ ಒಣ ಕೆರೆಗಳ ಅಂಗಳದಲ್ಲಿ ಅವರು ಕಾರು ಓಡಿಸಿದರು. 1937ರಲ್ಲಿ ಸಂಘ ಕಟ್ಟಿಕೊಂಡರು. 1948ರ ಜನವರಿಯಲ್ಲಿ ಅವರಿಗಾಗಿಯೇ ‘ಹಾಟ್ ರಾಡ್’ ಎಂಬ ಪತ್ರಿಕೆಯೂ ಹುಟ್ಟಿತು.

ಇದರಲ್ಲಿ ವಿಮಾನಗಳ ಪಾಲೂ ಇದೆ. ಎರಡನೆಯ ಮಹಾಯುದ್ಧದ ವಿಮಾನಗಳು ಹೊಟ್ಟೆಯ ಕೆಳಗೋ ರೆಕ್ಕೆಯ ಕೆಳಗೋ ಹೆಚ್ಚುವರಿ ಇಂಧನದ ಟ್ಯಾಂಕುಗಳನ್ನು ನೇತುಹಾಕಿಕೊಂಡು ಹಾರುತ್ತಿದ್ದವು. ಯುದ್ಧ ಮುಗಿದ ಮೇಲೆ ಅವು ಗುಜರಿಗೆ ಬಂದವು. ಬಿಲ್ ಬರ್ಕ್ ಎಂಬಾತ 1946ರಲ್ಲಿ ಅಂಥ ಒಂದು ಟ್ಯಾಂಕನ್ನೇ ಕೊಂಡು, ಅದರೊಳಗೆ ಎಂಜಿನ್ ಇಟ್ಟು, ನಾಲ್ಕು ಚಕ್ರ ಹಾಕಿ ಓಡಿಸಿದ. ನೀರಿನ ಹನಿಯಂಥ ಆ ಆಕಾರಕ್ಕೆ ಗಾಳಿಯ ತಡೆ ಬಹಳ ಕಡಿಮೆ. ಅಷ್ಟು ನಯವಾದ ಉಬ್ಬನ್ನು ಮನೆಯಲ್ಲಿ ಬಡಿದು ಮಾಡುವ ತಾಪತ್ರಯವೇ ಬೇಡವೆಂದು ಆತ ಜಾಣತನದಿಂದ ಸಿದ್ಧ ವಸ್ತುವನ್ನೇ ಆರಿಸಿಕೊಂಡಿದ್ದ!

ಆ ತಾಪತ್ರಯ ಏನು ಎಂಬುದೇ ಇಲ್ಲಿ ಮುಖ್ಯ ವಿಷಯ. ಎಂಜಿನ್ನನ್ನು ಗುಜರಿಯಲ್ಲಿ ಕೊಳ್ಳಬಹುದು. ಗೇರುಪೆಟ್ಟಿಗೆಯೂ ಸಿಗುತ್ತದೆ. ಚಕ್ರ, ಆಕ್ಸಲ್, ಸ್ಟೀರಿಂಗ್ ಎಲ್ಲವೂ ಹಣಕ್ಕೆ ದೊರೆಯುವ ವಸ್ತುಗಳೇ. ಆದರೆ ತನ್ನ ಮನಸ್ಸಿನಲ್ಲಿರುವ ಬಾನೆಟ್ಟು, ತನ್ನ ಮನಸ್ಸಿನಲ್ಲಿರುವ ಮಡ್‌ಗಾರ್ಡು ಎಲ್ಲೂ ಮಾರಾಟಕ್ಕಿಲ್ಲ. ಅದನ್ನು ಚಪ್ಪಟೆ ತಗಡಿನಿಂದ ತಾನೇ ಮಾಡಬೇಕು.

ಬಂಗಾರಪೇಟೆಯ ಹುಡುಗನೊಬ್ಬ ಇದಕ್ಕೆ ಹೊರಟ ಎಂದಿಟ್ಟುಕೊಳ್ಳಿ. 20 ಗೇಜಿನ, ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ತಂದ. ಪೈಪಿನ ಮೇಲೆ ಒತ್ತಿ ಬಗ್ಗಿಸಿದ. ಸುಲಭವಾಗಿ ಬಾಗಿತು. ಹೊಗೆ ಕೊಳವೆಯಂತೆ ಒಂದೇ ದಿಕ್ಕಿಗೆ ಬಾಗುವ ಆಕಾರಕ್ಕೆ ತಗಡಿನ ತಕರಾರಿಲ್ಲ. ಈಗ ಅದೇ ತಗಡನ್ನು ಎರಡೂ ದಿಕ್ಕಿಗೆ, ಬೋಗುಣಿಯಂತೆ ಬಗ್ಗಿಸಲು ಹೋದ. ಅಂಚೆಲ್ಲ ಸುಕ್ಕುಸುಕ್ಕಾಯಿತು. ಸುಕ್ಕನ್ನು ಬಡಿದರೆ ನಡುವೆ ಎದ್ದಿದ್ದ ಉಬ್ಬು ಮಾಯವಾಯಿತು. ಮತ್ತೆ ಉಬ್ಬಿಸಿದರೆ ಮತ್ತೆ ಸುಕ್ಕು.

ಹುಡುಗನ ಕೈ ಸರಿಯಿಲ್ಲವೆಂದಲ್ಲ. ಚಪ್ಪಟೆ ಮೇಲ್ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಚೆಂಡಿನ ಆಕಾರಕ್ಕೆ ತರುವುದು ಸಾಧ್ಯವೇ ಇಲ್ಲ ಎಂದು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲೇ ಸಾಧಿಸಿ ತೋರಿಸಿದ್ದ. ಭೂಪಟಗಳಲ್ಲಿ ಗ್ರೀನ್‌ಲ್ಯಾಂಡ್ ಆನೆಯ ಗಾತ್ರಕ್ಕೆ ಕಾಣುವುದೂ ಇದೇ ಕಾರಣಕ್ಕೆ. ಗೌಸನ ಪ್ರಮೇಯ ಗೊತ್ತಿಲ್ಲದಿದ್ದರೂ ಮುತ್ತುಗದೆಲೆಯ ದೊನ್ನೆ ಕಟ್ಟುವವರಿಗೆ ಇದು ಗೊತ್ತು. ಎಲೆ ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ಆದ್ದರಿಂದ ಅಂಚಿನಲ್ಲಿ ಹೆಚ್ಚಾದ ಭಾಗವನ್ನು ನೆರಿಗೆ ಮಡಿಸಿ ಕಡ್ಡಿ ಚುಚ್ಚಲೇಬೇಕು. ದೊನ್ನೆಯ ನೆರಿಗೆ ಎಂದರೆ ಕುಗ್ಗಲಾರದ ಎಲೆ ಮಾಡಿಕೊಂಡ ರಾಜಿ. ತಗಡಿಗೆ ಆ ರಾಜಿ ಬೇಕಿಲ್ಲ. ಲೋಹ ಹಿಗ್ಗಬಲ್ಲದು, ಕುಗ್ಗಲೂಬಲ್ಲದು. ಟಿಂಕರನ ವಿದ್ಯೆಯೆಲ್ಲ ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂಬ ತಿಳಿವಳಿಕೆಯೇ.

ಬಂಗಾರಪೇಟೆ ಎಂದೊಡನೆ ಬಣ್ಣವಿಲ್ಲದ ನೀರಿನ ಪಾನಿಪೂರಿ ನೆನಪಾಗುವವರು ಕೇಳಬಹುದು, ಪೂರಿ ಉಬ್ಬುವಂತೆ ತಗಡನ್ನೂ ಉಬ್ಬಿಸಬಾರದೇ ಎಂದು. ಉಬ್ಬಿಸಬಹುದು. ಎರಡು ತಗಡುಗಳ ಅಂಚನ್ನು ಸುತ್ತಲೂ ಬೆಸೆದು, ಒಳಗೆ ನೀರನ್ನು ಒತ್ತಡದಿಂದ ತುಂಬಿ ಉಬ್ಬಿಸುವ ವಿಧಾನವೂ ಇದೆ. ಆದರೆ ಪೂರಿ ತನಗೆ ಬೇಕಾದಂತೆ ಉಬ್ಬುತ್ತದೆಯೇ ಹೊರತು ನಮಗೆ ಬೇಕಾದಂತಲ್ಲ.

ಶಾಲೆಯ ಲೆಕ್ಕವೊಂದನ್ನು ಇಲ್ಲಿ ಹಾಕಿ ನೋಡಬಹುದು. ಒಂದು ವೃತ್ತಾಕಾರದ ತಗಡು. ಅದರ ಅಂಚನ್ನು ಅಲುಗಾಡದಂತೆ ಹಿಡಿದು, ನಡುವನ್ನು ಮಾತ್ರ ಬಡಿದು ಅರ್ಧಗೋಳದ ಬಟ್ಟಲು ಮಾಡಿದೆವು ಎನ್ನಿ. ವೃತ್ತದ ಕ್ಷೇತ್ರಫಲ ಪೈ ಆರ್ ವರ್ಗ. ಅರ್ಧಗೋಳದ್ದು ಎರಡು ಪೈ ಆರ್ ವರ್ಗ. ಅಂದರೆ ವಿಸ್ತಾರ ಸರಿಯಾಗಿ ಇಮ್ಮಡಿಯಾಯಿತು. ಲೋಹದ ಗಾತ್ರ ಮಾತ್ರ ಅಷ್ಟೇ ಇದೆ. ಹಾಗಾದರೆ ದಪ್ಪ ಅರ್ಧಕ್ಕೆ ಇಳಿಯಲೇಬೇಕು. 0.9 ಮಿಲಿಮೀಟರಿನ ತಗಡು ಸರಾಸರಿ 0.45ಕ್ಕೆ ಬಂತು. ನಿಜದಲ್ಲಿ ಎಲ್ಲ ಕಡೆಯೂ ಸಮನಾಗಿ ತೆಳುವಾಗುವುದಿಲ್ಲ. ಹೆಚ್ಚು ಏಟು ತಿಂದ ಜಾಗ ಕಾಗದದಂತಾಗಿ ಬಿರಿಯುತ್ತದೆ. ಹೊಸಬರ ಬಟ್ಟಲು ತಳದಲ್ಲಿ ಒಡೆಯುವುದು ಇದಕ್ಕೇ.

ಅನುಭವಿ ಮೇಸ್ತ್ರಿ ಹಾಗೆ ಮಾಡುವುದಿಲ್ಲ. ಬಟ್ಟಲಿಗಿಂತ ಅಗಲವಾದ ತಗಡನ್ನು ಕತ್ತರಿಸಿಕೊಂಡು, ನಡುವನ್ನು ಸ್ವಲ್ಪ ಹಿಗ್ಗಿಸಿ, ಅಂಚನ್ನು ಬಹಳ ಕುಗ್ಗಿಸಿ ಅದೇ ಆಕಾರಕ್ಕೆ ತರುತ್ತಾನೆ. ಆಗ ದಪ್ಪ ಹೆಚ್ಚು ಕಡಿಮೆ ಉಳಿಯುತ್ತದೆ. ಅಂಚನ್ನು ಕುಗ್ಗಿಸುವುದು ಹೇಗೆ? ದೊನ್ನೆಯವರಂತೆಯೇ ಇಕ್ಕಳದಿಂದ ಅಂಚಿಗೆ ನೆರಿಗೆ ಹಾಕುತ್ತಾರೆ. ಆಮೇಲೆ ಕಡ್ಡಿ ಚುಚ್ಚುವ ಬದಲು ನೆರಿಗೆಯ ತುದಿಯನ್ನು ಮೊದಲು ಬಡಿದು ಮುಚ್ಚಿ, ಒಳಗಿನ ಲೋಹಕ್ಕೆ ಓಡಿಹೋಗಲು ದಾರಿಯಿಲ್ಲದಂತೆ ಮಾಡಿ, ಬಳಿಕ ಉಳಿದದ್ದನ್ನು ಕೊಡತಿಯಿಂದ ಕೆಳಕ್ಕೆ ಒತ್ತುತ್ತಾರೆ. ಸಿಕ್ಕಿಬಿದ್ದ ಲೋಹ ತನ್ನೊಳಕ್ಕೇ ಸೇರಿಕೊಂಡು ದಪ್ಪವಾಗುತ್ತದೆ. ಇದಕ್ಕೆ ಬೇಕಾದ ಸರಂಜಾಮು ಹೆಚ್ಚೇನಲ್ಲ. ಮರಳು ತುಂಬಿದ ದಪ್ಪ ಚರ್ಮದ ಚೀಲ, ಮರದ ಕೊಡತಿ, ತಲೆಯಲ್ಲಿ ಬಟ್ಟಲಿನಂತೆ ಹಳ್ಳ ತೋಡಿದ ಒಂದು ಮರದ ಕೊರಡು. ಕೋಲಾರ ಜಿಲ್ಲೆಯಲ್ಲಿ ಹುಣಸೆ ಕೊರಡಿಗೆ ಬರವೇ? ಅನುಕೂಲಸ್ಥರು ‘ಇಂಗ್ಲಿಷ್ ವೀಲ್’ ಎಂಬ ಯಂತ್ರ ಬಳಸುತ್ತಾರೆ. ಒಂದರ ಮೇಲೊಂದು ಇರುವ ಎರಡು ಉಕ್ಕಿನ ಉರುಳೆಗಳ ನಡುವೆ ತಗಡನ್ನು ಹಿಂದೆ ಮುಂದೆ ಓಡಿಸಿದಂತೆಲ್ಲ ಅದು ನಯವಾಗಿ ಹಿಗ್ಗುತ್ತ ಉಬ್ಬುತ್ತದೆ. ರೊಟ್ಟಿ ಲಟ್ಟಿಸಿದಂತೆ ಎಂದರೂ ಸರಿಯೇ. ಇದು ಹಿಗ್ಗಿಸಬಲ್ಲದು, ಸುತ್ತಿಗೆಯ ಗುರುತುಗಳನ್ನು ಅಳಿಸಬಲ್ಲದು. ಕುಗ್ಗಿಸುವ ಕೆಲಸಕ್ಕೆ ಮಾತ್ರ ಮತ್ತೆ ಕೈಯೇ ಬೇಕು.

ಸ್ವಲ್ಪ ಹೊತ್ತು ಬಡಿದ ಮೇಲೆ ತಗಡು ಹಟ ಹಿಡಿಯುತ್ತದೆ. ಮೊದಲಿನ ಏಟಿಗೆ ಬಾಗುತ್ತಿದ್ದದ್ದು ಈಗ ಬಾಗದು. ಇನ್ನೂ ಬಡಿದರೆ ಸೀಳುತ್ತದೆ. ಬೈಂಡಿಂಗ್ ತಂತಿಯನ್ನು ಅತ್ತಿತ್ತ ಹತ್ತು ಸಲ ಬಗ್ಗಿಸಿ ಮುರಿದವರಿಗೆ ಇದರ ಅನುಭವವಿದೆ. ಏಕೆ ಹೀಗೆ ಎಂಬುದಕ್ಕೆ 1934ರವರೆಗೂ ಸರಿಯಾದ ಉತ್ತರ ಇರಲಿಲ್ಲ. ಆ ವರ್ಷ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದಂತೆ ಒಂದೇ ಉತ್ತರಕ್ಕೆ ಬಂದರು. ಲೋಹದಲ್ಲಿ ಪರಮಾಣುಗಳು ಸಾಲುಸಾಲಾಗಿ ಜೋಡಣೆಗೊಂಡಿರುತ್ತವೆ. ಒಂದು ಇಡೀ ಸಾಲು ಇನ್ನೊಂದರ ಮೇಲೆ ಒಮ್ಮೆಗೇ ಜಾರಬೇಕಾದರೆ ನೂರಾರು ಪಟ್ಟು ಹೆಚ್ಚು ಬಲ ಬೇಕು. ಆದರೆ ಲೋಹ ಅಷ್ಟು ಬಲ ಕೇಳದೆ ಬಾಗುತ್ತದೆ. ಏಕೆಂದರೆ ಸಾಲುಗಳಲ್ಲಿ ಅಲ್ಲಲ್ಲಿ ಜೋಡಣೆ ತಪ್ಪಿದ ಜಾಗಗಳಿರುತ್ತವೆ. ದೊಡ್ಡ ಜಮಖಾನವನ್ನು ಒಂದು ಗೇಣು ಸರಿಸಬೇಕಾದರೆ ಎಳೆದಾಡುವುದು ಕಷ್ಟ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಕಾಲಿನಿಂದ ತಳ್ಳುತ್ತ ಇನ್ನೊಂದು ತುದಿಗೆ ಒಯ್ದರೆ ಜಮಖಾನ ಸುಲಭವಾಗಿ ಸರಿಯುತ್ತದೆ. ಲೋಹದೊಳಗಿನ ಆ ದೋಷಗಳು ಇಂಥ ಸುಕ್ಕುಗಳು. ಏಟು ಬಿದ್ದಷ್ಟೂ ಹೊಸ ಸುಕ್ಕುಗಳು ಹುಟ್ಟಿ, ಒಂದಕ್ಕೊಂದು ಸಿಕ್ಕಿಕೊಂಡು, ಯಾವುದೂ ಮುಂದೆ ಹೋಗದಂತಾಗುತ್ತದೆ. ಜಾತ್ರೆಯ ಜನಜಂಗುಳಿಯಂತೆ! ತಗಡು ಗಡುಸಾಗುವುದು ಎಂದರೆ ಇದೇ.

ಬೆಂಕಿ ಇದಕ್ಕೆ ಮದ್ದು. ಉಕ್ಕನ್ನು ಕೆಂಪಗೆ ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಪರಮಾಣುಗಳು ಮತ್ತೆ ಹೊಸದಾಗಿ ಜೋಡಣೆಗೊಂಡು ಲೋಹ ಮೆದುವಾಗುತ್ತದೆ. ಅಲ್ಯೂಮಿನಿಯಮ್ಮಿನ ವಿಷಯ ಬೇರೆ. ಅದು ಕೆಂಪಾಗುವ ಮೊದಲೇ ಕರಗಿ ಕೆಳಗೆ ಬೀಳುತ್ತದೆ. ಅದಕ್ಕೆ ಕುಶಲಿಗಳು ಒಂದು ಸುಂದರ ಉಪಾಯ ಮಾಡಿಕೊಂಡಿದ್ದಾರೆ. ಆಮ್ಲಜನಕ ಬಿಡದೆ ಬರೀ ಅಸಿಟಿಲಿನ್ ಜ್ವಾಲೆಯಿಂದ ತಗಡಿಗೆಲ್ಲ ಮಸಿ ಹಿಡಿಸುತ್ತಾರೆ. ನಂತರ ಸರಿಯಾದ ಜ್ವಾಲೆಯಿಂದ ಆ ಮಸಿ ಹಾರಿಹೋಗುವವರೆಗೆ ಮಾತ್ರ ಕಾಯಿಸುತ್ತಾರೆ. ಮಸಿ ಹೋಯಿತೆಂದರೆ ತಗಡು ಬೇಕಾದಷ್ಟು ಕಾದಿದೆ. ಉಷ್ಣಮಾಪಕದ ಹಂಗಿಲ್ಲ. ಇದೇ ಅಸಿಟಿಲಿನ್ ಹಿಂದೆ ಗಣಿಗಾರರ ಕಾರ್ಬೈಡ್ ದೀಪಗಳಲ್ಲೂ, ಜಾತ್ರೆಯ ಮಿಠಾಯಿ ಅಂಗಡಿಗಳ ಗ್ಯಾಸ್ ದೀಪಗಳಲ್ಲೂ ಉರಿಯುತ್ತಿದ್ದ ಅನಿಲ. ಕಾರ್ಬೈಡ್ ಗಟ್ಟಿಯ ಮೇಲೆ ನೀರು ತೊಟ್ಟಿಕ್ಕಿದರೆ ಹುಟ್ಟುತ್ತದೆ.

ಬೆಂಕಿಯಿಂದ ಇನ್ನೊಂದು ಕೆಲಸವೂ ಆಗುತ್ತದೆ, ಅದು ನೋಡುವವರಿಗೆ ಮಾಟದಂತೆ ಕಾಣುತ್ತದೆ. ಅತಿಯಾಗಿ ಹಿಗ್ಗಿದ ತಗಡು ಎಣ್ಣೆ ಡಬ್ಬಿಯ ತಳದಂತೆ ಒತ್ತಿದರೆ ‘ಟಪ್’ ಎಂದು ಒಳಗೆ, ಬಿಟ್ಟರೆ ‘ಟಪ್’ ಎಂದು ಹೊರಗೆ ಹಾರುತ್ತದೆ. ಹೆಚ್ಚಾದ ಲೋಹಕ್ಕೆ ಜಾಗ ಸಾಲದೆ ಆಡುವ ಆಟ ಅದು. ಅಲ್ಲಿ ರೂಪಾಯಿ ನಾಣ್ಯದಷ್ಟು ಜಾಗವನ್ನು ಮಾತ್ರ ಕೆಂಪಗೆ ಕಾಯಿಸುತ್ತಾರೆ. ಕಾದ ಜಾಗ ಹಿಗ್ಗಬೇಕು. ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. 25 ಮಿಲಿಮೀಟರ್ ಅಗಲದ ಉಕ್ಕು 700 ಡಿಗ್ರಿ ಹೆಚ್ಚು ಕಾದರೆ ಸುಮಾರು 0.2 ಮಿಲಿಮೀಟರ್ ಹಿಗ್ಗಲು ನೋಡುತ್ತದೆ. ಆ ಹಿಗ್ಗು ಅಗಲಕ್ಕೆ ಹೋಗಲಾರದೆ ದಪ್ಪಕ್ಕೆ ಹೋಗುತ್ತದೆ. ಆರುವಾಗ ಮಾತ್ರ ಅದನ್ನು ತಡೆಯುವವರಿಲ್ಲ. ಅಗಲದಲ್ಲಿ ಕುಗ್ಗಿ ಸುತ್ತಲಿನ ತಗಡನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಒದ್ದೆ ಬಟ್ಟೆ ಒತ್ತಿದರೆ ಎಳೆತ ಇನ್ನೂ ಬೇಗ. ಎಂಟು ಹತ್ತು ಕಡೆ ಹೀಗೆ ಮಾಡಿದರೆ ಡಬ್ಬಿಯ ಆಟ ನಿಂತು ಬಾಗಿಲು ಬಿಗಿಯಾಗುತ್ತದೆ. ಕಾಯಿಸಿದ್ದಕ್ಕೆ ಹಿಗ್ಗಬೇಕಾದ ಲೋಹ ಕುಗ್ಗಿತಲ್ಲ ಎಂದು ಬೆರಗಾಗುವವರು ಎತ್ತಿನ ಗಾಡಿಯ ಚಕ್ರವನ್ನು ನೆನೆಯಬೇಕು. ನಾಲ್ಕು ಮೀಟರ್ ಸುತ್ತಳತೆಯ ಕಬ್ಬಿಣದ ಪಟ್ಟಿಯನ್ನು 400 ಡಿಗ್ರಿ ಕಾಯಿಸಿದರೆ 19 ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಚಕ್ರದ ಕೀಲುಗಳೆಲ್ಲ ಕಿರುಗುಟ್ಟಿ ಬಿಗಿಯುತ್ತವೆ. ಊರ ಕಮ್ಮಾರನೂ ಪೇಟೆಯ ಟಿಂಕರನೂ ನಂಬಿರುವುದು ಒಂದೇ ನಿಯಮವನ್ನು.

ಬೆಸುಗೆಯಲ್ಲಿ ಹಾಟ್ ರಾಡ್ ಕಟ್ಟುವವರು ಸೋಲುವುದೂ ಈ ನಿಯಮದಿಂದಲೇ. ಅಂದವಾಗಿ ಬಡಿದ ಎರಡು ತುಂಡುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮನೆ ಬೆಸೆದರೆ, ಬೆಸುಗೆಯ ಗೆರೆ ಆರುತ್ತ ಕುಗ್ಗಿ ಇಡೀ ಬಾನೆಟ್ಟನ್ನು ಹಪ್ಪಳದಂತೆ ಸೊಟ್ಟ ಮಾಡುತ್ತದೆ. ಅದಕ್ಕೆ ಎರಡಂಗುಲಕ್ಕೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ಒಮ್ಮೆ ಈ ತುದಿ, ಒಮ್ಮೆ ಆ ತುದಿ ಎಂದು ತಾಳ್ಮೆಯಿಂದ ಬೆಸೆಯಬೇಕು. ಗ್ಯಾಸ್ ಬೆಸುಗೆಯ ಗೆರೆ ಮೆದುವಾಗಿರುವುದರಿಂದ ಅದನ್ನು ಡಾಲಿಯ ಮೇಲಿಟ್ಟು ಮತ್ತೆ ಹಿಗ್ಗಿಸಬಹುದು. ಬೇರೆ ವಿಧಾನಗಳು ಬೇಗ ಮುಗಿಯುತ್ತವೆ, ಆದರೆ ಗೆರೆ ಗಡುಸಾಗಿ ಸುತ್ತಿಗೆಗೆ ಬಗ್ಗದು. ಉಳಿದ ತಗ್ಗುಗಳನ್ನು ಅರ ಉಜ್ಜಿ ಹುಡುಕುತ್ತಾರೆ. ಉಬ್ಬು ಹೊಳೆಯುತ್ತದೆ, ತಗ್ಗು ಮಂಕಾಗಿಯೇ ಉಳಿಯುತ್ತದೆ. ತಗ್ಗಿಗೆಲ್ಲ ಪುಟ್ಟಿ ಮೆತ್ತಿ ಬಣ್ಣ ಹೊಡೆದವರು ಎರಡು ಮಳೆಗಾಲದಲ್ಲಿ ಅದರ ಫಲ ಉಣ್ಣುತ್ತಾರೆ.

ಅಪಾಯದ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಖಾಲಿ ಪೆಟ್ರೋಲ್ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಭಯಂಕರ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಒಂದೂವರೆಯಿಂದ ಏಳೂವರೆ ಭಾಗ ಇದ್ದರೆ ಕಿಡಿ ತಾಗಿದೊಡನೆ ಸಿಡಿಯುತ್ತದೆ. ಖಾಲಿ ಟ್ಯಾಂಕಿನಲ್ಲಿ ಇರುವುದು ಹೆಚ್ಚಾಗಿ ಅಂಥ ಮಿಶ್ರಣವೇ. ಬರೀ ನೀರಿನಲ್ಲಿ ಒಮ್ಮೆ ತೊಳೆದು ಬೆಸೆಯಲು ಕೂರುವುದೆಂದರೆ ಬಾಂಬನ್ನು ತೊಡೆಯ ಮೇಲಿಟ್ಟುಕೊಂಡಂತೆ. ಕಲಾಯಿ ಮಾಡಿದ, ಅಂದರೆ ಸತು ಲೇಪಿಸಿದ ತಗಡನ್ನು ಬೆಸೆದರೆ ಸತು ಆವಿಯಾಗಿ ಮೂಗಿಗೆ ಹೋಗಿ ಆ ರಾತ್ರಿ ನಡುಕ ಜ್ವರ ಬರುತ್ತದೆ. ಆಮ್ಲಜನಕದ ಸಿಲಿಂಡರಿನ ಬಾಯಿಗೆ ಗ್ರೀಸು ಹಚ್ಚುವ ಬುದ್ಧಿವಂತರೂ ಇದ್ದಾರೆ. ಆಮ್ಲಜನಕ ಒತ್ತಡದಲ್ಲಿ ಎಣ್ಣೆಯನ್ನು ತಾನಾಗಿಯೇ ಹೊತ್ತಿಸಬಲ್ಲದು.

ಇಷ್ಟೆಲ್ಲ ಕೈಕೆಲಸ ಬಂಗಾರಪೇಟೆಯ ನೆಲಕ್ಕೆ ಹೊಸದೇನಲ್ಲ. ಹದಿನೈದು ಕಿಲೋಮೀಟರ್ ದೂರದ ಕೆ.ಜಿ.ಎಫ್.ನಲ್ಲಿ ಜಾನ್ ಟೇಲರ್ ಕಂಪೆನಿ 1880ರ ದಶಕದಲ್ಲಿ ಚಿನ್ನದ ಗಣಿ ಕೆಲಸ ಹಿಡಿದಂದಿನಿಂದ ಲೋಹದ ಕೆಲಸವೂ ಜೊತೆಗೇ ಬಂತು. ಗಣಿ ಎಂದರೆ ಬರೀ ಬಿಲವಲ್ಲ. ಮೇಲಕ್ಕೂ ಕೆಳಕ್ಕೂ ಓಡುವ ತೊಟ್ಟಿಗಳು, ಪಂಪುಗಳು, ಬೈರಿಗೆಗಳು, ಗಾಳಿ ಕೊಳವೆಗಳು ಎಲ್ಲವನ್ನೂ ರಿಪೇರಿ ಮಾಡುವ ವರ್ಕ್‌ಶಾಪು ಇಲ್ಲದೆ ಒಂದು ದಿನವೂ ಅದು ನಡೆಯದು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದ ಮೇಲೆ ಯಂತ್ರಗಳ ಸದ್ದು ಇಮ್ಮಡಿಸಿತು. ಅತ್ತ ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಅಲ್ಲಿ ದುರಸ್ತಿಯಾದವು. ಬಿಲ್ ಬರ್ಕ್ ಗುಜರಿಯಲ್ಲಿ ಆಯ್ದುಕೊಂಡ ಟ್ಯಾಂಕಿನಂಥ ಉಬ್ಬು ತಗಡುಗಳ ನಂಟು ಬೆಂಗಳೂರಿಗೂ ಆಗ ಬಂತೆನ್ನಬಹುದು. ಆ ಕಾರ್ಖಾನೆ ಮುಂದೆ ರೈಲು ಬೋಗಿಗಳನ್ನೂ ಕಟ್ಟಿತು. ಬೋಗಿ ವಿಭಾಗವನ್ನು 1964ರಲ್ಲಿ ಹುಟ್ಟಿದ ಬೆಮೆಲ್ ವಹಿಸಿಕೊಂಡಿತು. ಅದೇ ಬೆಮೆಲ್ ಕೆ.ಜಿ.ಎಫ್.ನಲ್ಲಿ ಬುಲ್ಡೋಜರುಗಳ ಕಾರ್ಖಾನೆ ನಡೆಸುತ್ತದೆ. ಅಲ್ಲಿನ ಉಕ್ಕು ಅಂಗುಲಗಟ್ಟಲೆ ದಪ್ಪ. ಟಿಂಕರನ ತಗಡು ಅದರ ಮುಂದೆ ಈರುಳ್ಳಿ ಸಿಪ್ಪೆ. ಆದರೆ ಕಾಸಿದರೆ ಹಿಗ್ಗುವುದು, ಆರಿದರೆ ಎಳೆಯುವುದು ಎರಡಕ್ಕೂ ಒಂದೇ.

2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿತು. ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳಲ್ಲಿ ದುಡಿಯುವ ಕೈಗಳು ತುಂಬಿ ಹೋಗುತ್ತವೆ, ರಾತ್ರಿ ಹಿಂತಿರುಗುತ್ತವೆ. ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರ ಎಂದು ಅವು ಇಳಿಯುವ ಕಡೆ ಕೈಗೆ ಕೆಲಸವಿದೆ, ಆದರೆ ಅದು ಹೆಚ್ಚಾಗಿ ಯಂತ್ರದ ಗುಂಡಿ ಒತ್ತುವ ಕೆಲಸ. ರಸ್ತೆಬದಿಯ ಟಿಂಕರನ ಗತಿಯೂ ಬದಲಾಗಿದೆ. ಅಂಬಾಸಡರ್ ಕಾರಿನ ದುಂಡು ಮಡ್‌ಗಾರ್ಡನ್ನು ಬಡಿದು ಮೊದಲಿನಂತೆ ಮಾಡುವುದು ಒಂದು ಕಾಲದಲ್ಲಿ ಅವನ ಅನ್ನ. ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಈಗಿನ ಕಾರುಗಳ ಬಂಪರುಗಳು ಪ್ಲಾಸ್ಟಿಕ್ಕಿನವು, ಒಡೆದರೆ ಹೊಸದು ಹಾಕುತ್ತಾರೆ. ತಗಡಿನ ಬಾಗಿಲು ನಜ್ಜಾದರೂ ಬಡಿಯುವ ಕೂಲಿಗಿಂತ ಹೊಸ ಬಾಗಿಲೇ ಲಾಭವೆಂದು ವಿಮಾ ಕಂಪೆನಿಯ ಲೆಕ್ಕ ಎಷ್ಟೋ ಸಲ ಹೇಳುತ್ತದೆ. ಫೈಬರ್ ಗ್ಲಾಸ್ ಬಳಸಿ ತಗಡಿನ ಗೋಜನ್ನೇ ತಪ್ಪಿಸಿಕೊಂಡವರೂ ಉಂಟು. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪೆನಿ ತಂದ ‘ಡಾಲ್ಫಿನ್’ ಎಂಬ ಪುಟ್ಟ ಕಾರಿನ ಮೈ ಅಂಥದು. ಅಚ್ಚು ಒಂದಿದ್ದರೆ ನೂಲಿನ ಬಟ್ಟೆಯಂಥ ಗಾಜಿನ ಹೆಣಿಗೆಯನ್ನು ಹಾಸಿ ಅಂಟು ಬಳಿದರೆ ಮುಗಿಯಿತು. ಗೌಸನ ಕಾಟವಿಲ್ಲ.

ಆದ್ದರಿಂದ ಹಾಟ್ ರಾಡ್ ಕಟ್ಟಹೊರಟ ಹುಡುಗನ ಹುಚ್ಚಿಗೆ ಇಲ್ಲಿ ಒಂದು ಬೆಲೆಯಿದೆ. ಬಡಿದು ಆಕಾರ ಕೊಡುವ ಕೆಲಸವನ್ನು ಇಂದು ಕೇಳುವವರು ಅಂಥವರೇ. ಆದರೆ ಅವನ ದಾರಿಗೆ ಕಾನೂನು ಅಡ್ಡ ನಿಂತಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿಯೊಂದು ಅಕ್ರಮ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಎಂದು ಬಂತು. ಹಾಟ್ ರಾಡ್ ಎಂದರೆ ತಲೆಯಿಂದ ಕಾಲಿನವರೆಗೆ ಬದಲಾವಣೆಯೇ. ದಂಡದ ಮೊತ್ತವನ್ನು ಕೂಡಿಸುತ್ತ ಹೋದರೆ ಕಾರಿನ ಬೆಲೆಯನ್ನು ಮೀರೀತು! ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯೂ ಇವನಿಗೆ ದಕ್ಕದು, ಅದು ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ.

ಕಾನೂನಿನವರು ಕಲೆಯ ವೈರಿಗಳೆಂದು ಬೈದುಬಿಡುವುದು ಸುಲಭ. ಲೆಕ್ಕ ಬೇರೆ ಮಾತು ಹೇಳುತ್ತದೆ. ಓಡುವ ವಾಹನದ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 60 ಕಿಲೋಮೀಟರ್ ಓಡಲು ಮಾಡಿದ ಕಾರನ್ನು 160ಕ್ಕೆ ಏರಿಸಿದರೆ ಬ್ರೇಕು ನುಂಗಬೇಕಾದ ಶಕ್ತಿ ಏಳು ಪಟ್ಟಾಗುತ್ತದೆ. ಫೋರ್ಡ್ ಕಾರುಗಳಿಗೆ ದ್ರವ ಒತ್ತಡದ ಬ್ರೇಕು ಬಂದದ್ದೇ 1939ರಲ್ಲಿ. ಅದಕ್ಕೂ ಮೊದಲಿನ, ಸರಳುಗಳಿಂದ ಎಳೆಯುವ ಬ್ರೇಕುಗಳನ್ನೇ ನಂಬಿ ರಸ್ತೆಯಲ್ಲಿ ಪಂದ್ಯ ಕಟ್ಟಿದ ಅಮೆರಿಕದ ಹುಡುಗರು ತಾವೂ ಸತ್ತರು, ಇತರರನ್ನೂ ಕೊಂದರು. ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ರಾಷ್ಟ್ರಮಟ್ಟದ ಸಂಘ ಕಟ್ಟಿ, ಪಂದ್ಯಗಳನ್ನು ರಸ್ತೆಯಿಂದ ಬಿಡಿಸಿ ಮೀಸಲು ಪಟ್ಟಿಗಳಿಗೆ ಒಯ್ದು, ಓಡಿಸುವ ಮೊದಲು ತಪಾಸಣೆ ಕಡ್ಡಾಯ ಮಾಡಿದ್ದು ಇದಕ್ಕಾಗಿ. ಬಾನೆಟ್ಟಿನ ಬೆಸುಗೆ ಬಿಟ್ಟರೆ ಸದ್ದು ಬರುತ್ತದೆ ಅಷ್ಟೆ. ಸ್ಟೀರಿಂಗ್ ಸರಳಿನ ಬೆಸುಗೆ ಬಿಟ್ಟರೆ ಸದ್ದು ಕೇಳಲು ಚಾಲಕ ಇರುವುದಿಲ್ಲ.

ಗಡಿಯಾಚೆಯ ಸಾಂಗ್ಲಿ ಜಿಲ್ಲೆಯಲ್ಲಿ ನಡೆದದ್ದು ಇಲ್ಲಿ ನೆನೆಯುವಂಥದು. ದೇವರಾಷ್ಟ್ರೆ ಎಂಬ ಹಳ್ಳಿಯ ದತ್ತಾತ್ರೇಯ ಲೋಹಾರ್, ಹೆಸರೇ ಹೇಳುವಂತೆ ಕಮ್ಮಾರಿಕೆಯ ಮನೆತನದವರು, ಗುಜರಿ ಸಾಮಾನು ಕೂಡಿಸಿ ಸುಮಾರು 60,000 ರೂಪಾಯಿಯಲ್ಲಿ ಒಂದು ಪುಟ್ಟ ಜೀಪು ಕಟ್ಟಿದರು. ಬೈಕಿನಂತೆ ಕಿಕ್ ಹೊಡೆದು ಚಾಲೂ ಮಾಡುವ ಜೀಪು! 2021ರ ಡಿಸೆಂಬರಿನಲ್ಲಿ ಉದ್ಯಮಿ ಆನಂದ್ ಮಹೀಂದ್ರ ಅದನ್ನು ಮೆಚ್ಚಿಕೊಂಡರು. ನಿಯಮಗಳಿಗೆ ಹೊಂದದ ಈ ವಾಹನವನ್ನು ಅಧಿಕಾರಿಗಳು ಇಂದಲ್ಲ ನಾಳೆ ನಿಲ್ಲಿಸುತ್ತಾರೆ ಎಂದೂ ಹೇಳಿ, ಅದರ ಬದಲಿಗೆ ಹೊಸ ಬೊಲೆರೊ ಕೊಡುವುದಾಗಿ ಹೇಳಿದರು. 2022ರ ಜನವರಿಯಲ್ಲಿ ವಿನಿಮಯ ನಡೆಯಿತು. ಲೋಹಾರ್ ಕುಟುಂಬಕ್ಕೆ ಒಳ್ಳೆಯದೇ ಆಯಿತು. ಆದರೆ ಕೈಯಲ್ಲಿ ಕಟ್ಟಿದ್ದು ರಸ್ತೆಯಿಂದ ಹೋಯಿತು, ಕಾರ್ಖಾನೆಯಲ್ಲಿ ಕಟ್ಟಿದ್ದು ರಸ್ತೆಗೆ ಬಂತು.

ರಸ್ತೆಯನ್ನು ಬಿಟ್ಟರೆ ಬೇರೆ ಜಾಗಗಳಿವೆ. ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ತಾವೇ ಕಟ್ಟಿದ ಬಂಡಿಗಳನ್ನು ಓಡಿಸುವ ‘ಬಾಹಾ’ ಸ್ಪರ್ಧೆ ಭಾರತದಲ್ಲಿ 2007ರಲ್ಲಿ ಮಧ್ಯಪ್ರದೇಶದ ಪೀತಮ್‌ಪುರದಲ್ಲಿ ಆರಂಭವಾಯಿತು. ಕೊಳವೆ ಬಗ್ಗಿಸಿ ಬೆಸೆದ ಚೌಕಟ್ಟು, ಬ್ರೇಕು, ಸ್ಟೀರಿಂಗುಗಳನ್ನು ಪರೀಕ್ಷಕರು ಒಪ್ಪಿದ ಮೇಲೆಯೇ ಅಲ್ಲಿ ಓಟ. ಕಾಲೇಜಿನ ಹೊಸ್ತಿಲು ತುಳಿಯದ ಗ್ಯಾರೇಜಿನ ಹುಡುಗನಿಗೆ ಅಂಥ ಅಂಗಳ ಇನ್ನೂ ಇಲ್ಲ, ಇರಬೇಕು. ಪಾಸಾದ ಬೆಸುಗೆಗೆ ಒಂದು ಸರ್ಟಿಫಿಕೇಟು, ಓಡಿಸಲು ಒಂದು ಬೇಲಿ ಹಾಕಿದ ಮೈದಾನ, ಇಷ್ಟು ಸಾಕಿತ್ತು. ಗಣಿ ಮುಚ್ಚಿದ ಊರಿನಲ್ಲಿ ಮೈದಾನಕ್ಕೇನೂ ಕೊರತೆಯಿಲ್ಲ.

ಅಲ್ಲಿಯವರೆಗೆ ಬಂಗಾರಪೇಟೆಯ ಹುಡುಗ ಇಡೀ ಕಾರಿಗೆ ಕೈಹಾಕದೆ ಒಂದು ಹೆಡ್‌ಲೈಟಿನ ಬಟ್ಟಲಿನಿಂದ ಶುರು ಮಾಡಬಹುದು. ಹಳೆಯ ಹಾಟ್ ರಾಡುಗಳ ದೀಪಗಳು ಮೈಯೊಳಗೆ ಹುದುಗಿರದೆ ಕಪ್ಪೆಯ ಕಣ್ಣಿನಂತೆ ಹೊರಗೇ ಇರುತ್ತವೆ. ಬಾಯಗಲ 18 ಸೆಂಟಿಮೀಟರ್ ಇರುವ ಅರ್ಧಗೋಳ ಬೇಕೆಂದರೆ, ತಗಡು ತೆಳುವಾಗದಿರಲು 25 ಸೆಂಟಿಮೀಟರಿಗಿಂತ ಒಂದು ಕೂದಲು ಹೆಚ್ಚು ಅಗಲದ ಬಿಲ್ಲೆ ಕತ್ತರಿಸಬೇಕು. ಅದರ ಅಂಚಿನ ಸುತ್ತಳತೆ 80 ಸೆಂಟಿಮೀಟರ್, ಬಟ್ಟಲಿನ ಬಾಯಿಯದು ಸುಮಾರು 57. ನಡುವಿನ 23 ಸೆಂಟಿಮೀಟರಿನಷ್ಟು ಲೋಹವನ್ನು ನೆರಿಗೆ ಹಾಕಿ ಬಡಿದು ತಗಡಿನೊಳಗೇ ಅಡಗಿಸಬೇಕು. ಮೊದಲ ಬಿಲ್ಲೆ ಸೀಳುತ್ತದೆ. ಎರಡನೆಯದೂ ಸೀಳಬಹುದು. ಆಗ ಮೇಸ್ತ್ರಿ ಬೀಡಿ ಕೆಳಗಿಟ್ಟು ಎದ್ದು ಬಂದು, ‘ಏನಪ್ಪಾ, ತಗಡನ್ನ ಕೊಲ್ತಾ ಇದೀಯಾ? ಸ್ವಲ್ಪ ಕಾಯಿಸು, ಆರಲಿ, ಆಮೇಲೆ ಅಂಚು ನೋಡು’ ಎಂದು ಕೊಡತಿಯನ್ನು ಕೈಗೆ ತೆಗೆದುಕೊಂಡರೆ, ಹುಡುಗ ಕಣ್ಣು ಮುಚ್ಚಿ ಸದ್ದನ್ನು ಕೇಳಿಸಿಕೊಳ್ಳಬೇಕು.